ನಿಲ್ಲಿಸಿದ್ದ ಹಳೇ ಕಾರಿಗೆ ಯಾರೋ ಬಂದು ಗುದ್ದಿದರೆ ಇನ್ಶೂರೆನ್ಸ್ ದುಡ್ಡು ಬಿಡಿಸಿಕೊಳ್ಳುವುದು ಹೇಗೆ

ನಮ್ಮ ಮನೆಯ ಸ್ಯಾಂಟ್ರೋ 2008ರದ್ದು. ಬಾಗಿಲಿನ ಅಂಚಿನಲ್ಲಿ ಒಂದೆರಡು ಕಡೆ ತುಕ್ಕು ಹಿಡಿದಿದೆ, ಎಸಿ ಹಾಕಿದರೆ ಏರು ಹತ್ತಲು ಗೊಣಗುತ್ತದೆ, ಆದರೂ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಮನೆ ಮುಂದೆ ನಿಲ್ಲಿಸಿದ್ದಾಗ ನೀರಿನ ಕ್ಯಾನ್ ತಂದ ಗೂಡ್ಸ್ ಗಾಡಿಯೊಂದು ರಿವರ್ಸ್ ತೆಗೆಯುತ್ತಾ ಎಡಗಡೆಯ ಹಿಂಬಾಗಿಲಿಗೆ ಬಂದು ಕೂತಿತು. ಗಾಜು ಪುಡಿಪುಡಿ, ಬಾಗಿಲು ಬಟ್ಟಲಿನ ಹಾಗೆ ಒಳಗೆ, ಬಂಪರ್ ಒಂದು ಕಡೆ ಜೋತಾಡುತ್ತಿತ್ತು. ಡ್ರೈವರ್ ಇಳಿದು ಬಂದು ಮೊದಲು ಹೇಳಿದ್ದೇ "ಸಾರ್, ಹಳೇ ಗಾಡಿ ಅಲ್ವಾ, ಎರಡು ಸಾವಿರ ಇಟ್ಕೊಳ್ಳಿ" ಅಂತ.

ಆಮೇಲೆ ಮೂರು ವಾರ ಇದೇ ಮಾತನ್ನು ಬೇರೆ ಬೇರೆ ಬಾಯಲ್ಲಿ ಕೇಳಿದೆ. ವರ್ಕ್‌ಶಾಪಿನವರು ಹೇಳಿದರು, ಡ್ಯಾಮೇಜ್ ಎಷ್ಟು ಅಂತ ಅಳೆಯಲು ಬರುವ ಸರ್ವೇಯರ್ ಹೇಳಿದರು, ಕಾಲ್ ಸೆಂಟರಿನ ಹುಡುಗಿ ಸ್ವಲ್ಪ ಮೆತ್ತಗೆ ಹೇಳಿದಳು. ಕಾರು ಹಳೇದು ಅನ್ನುವುದು ನಿಜ. ಆದರೆ ಹಳೇದು ಅಂತ ಎಲ್ಲೆಲ್ಲಿ ಎಷ್ಟೆಷ್ಟು ಕಡಿಯಬಹುದು ಅಂತ ಪಾಲಿಸಿಯಲ್ಲೇ ಲೆಕ್ಕ ಬರೆದಿದೆ. ಆ ಲೆಕ್ಕ ಗೊತ್ತಿಲ್ಲದವನ ಹತ್ತಿರ ಅದರಾಚೆಗೂ ಕಡಿಯುತ್ತಾರೆ. ನನಗೂ ಕಡಿದಿದ್ದರು.

ಮೊದಲು ರಸ್ತೆಯ ಮೇಲಿನ ಕೆಲಸ. ಗಾಡಿ ಸರಿಸುವ ಮುಂಚೆ ಫೋಟೋ ತೆಗೆಯಿರಿ: ಎರಡೂ ಗಾಡಿ ಒಂದೇ ಚೌಕಟ್ಟಿನಲ್ಲಿ, ಎದುರಿನವರ ನಂಬರ್ ಪ್ಲೇಟ್ ಕಾಣುವ ಹಾಗೆ, ಆಮೇಲೆ ಹಿಂದೆ ಸರಿದು ರಸ್ತೆ, ಅಂಗಡಿ ಬೋರ್ಡು ಎಲ್ಲ ಬರುವ ಹಾಗೆ. ಡ್ರೈವರಿನ ಡಿಎಲ್, ಆರ್‌ಸಿ, ಇನ್ಶೂರೆನ್ಸ್ ಕಾಗದದ ಫೋಟೋ ಕೇಳಿ. ಕೊಡದಿದ್ದರೆ ಜಗಳ ಬೇಡ. ಸರ್ಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿದರೆ ಯಾವ ಕಂಪನಿಯ ಇನ್ಶೂರೆನ್ಸ್, ಎಲ್ಲಿಯವರೆಗೆ ಅಂತ ತೋರಿಸುತ್ತದೆ. ನನಗೆ ಡ್ರೈವರ್ "ಇನ್ಶೂರೆನ್ಸ್ ಓನರ್ ಹತ್ರ ಇದೆ ಸಾರ್" ಅಂತ ತಲೆ ಕೆರೆಯುತ್ತಿದ್ದಾಗಲೇ ಅದರ ಅವಧಿ ಫೋನಿನಲ್ಲಿ ಸಿಕ್ಕಿತ್ತು. ಅದನ್ನು ಅವನಿಗೆ ತೋರಿಸಿದ ಮೇಲೆ ಓನರ್ ನಂಬರ್ ತಾನಾಗೇ ಬಂತು. ಎದುರು ಮನೆಯ ಸಿಸಿಟಿವಿ ಇದ್ದರೆ ಅವತ್ತೇ ಹೋಗಿ ಕಾಪಿ ಮಾಡಿಕೊಳ್ಳಿ, ಕೆಲವು ದಿನಗಳಲ್ಲಿ ಹಳೇ ರೆಕಾರ್ಡಿಂಗ್ ಅಳಿಸಿಹೋಗುತ್ತದೆ.

ಆ ಎರಡು ಸಾವಿರ ತೆಗೆದುಕೊಳ್ಳಬೇಡಿ. ಅದಕ್ಕಿಂತ ಮುಖ್ಯವಾಗಿ "ನನಗೆ ಇನ್ನು ಯಾವ ತಕರಾರೂ ಇಲ್ಲ" ಅಂತ ಚೀಟಿ ಬರೆದುಕೊಡಬೇಡಿ. ನಿಮಗೆ ಕ್ಲೇಮ್ ಕೊಟ್ಟ ಮೇಲೆ ಆ ದುಡ್ಡನ್ನು ಗುದ್ದಿದವರಿಂದ ವಸೂಲಿ ಮಾಡುವ ಹಕ್ಕು ನಿಮ್ಮ ಇನ್ಶೂರೆನ್ಸ್ ಕಂಪನಿಗೆ ಹೋಗುತ್ತದೆ. ನೀವು ಮೊದಲೇ ಅವರನ್ನು ಬಿಟ್ಟುಬಿಟ್ಟರೆ ನಿಮ್ಮ ಕಂಪನಿ ನಿಮ್ಮ ಮೇಲೇ ತಿರುಗುತ್ತದೆ. ಪೊಲೀಸ್ ವಿಷಯಕ್ಕೆ ಬಂದರೆ, ಯಾರಿಗೂ ಗಾಯ ಆಗದ ಸಣ್ಣ ಡ್ಯಾಮೇಜಿಗೆ ನಿಮ್ಮದೇ ಪಾಲಿಸಿಯಲ್ಲಿ ಕ್ಲೇಮ್ ಮಾಡುವಾಗ ಸಾಮಾನ್ಯವಾಗಿ ಎಫ್ಐಆರ್ ಕೇಳುವುದಿಲ್ಲ. ಎದುರಿನವರ ಇನ್ಶೂರೆನ್ಸ್ ಮೇಲೆ ಹೋಗಬೇಕು ಅಂದರೆ ಮಾತ್ರ ಪೊಲೀಸ್ ದಾಖಲೆ ಇಲ್ಲದೆ ಕೈ ಕಟ್ಟಿದ ಹಾಗೆ. ಯಾವುದಕ್ಕೂ ಇರಲಿ ಅಂತ ನಾನು ಅವತ್ತೇ ಟ್ರಾಫಿಕ್ ಠಾಣೆಗೆ ಹೋಗಿ ದೂರು ಬರೆದುಕೊಟ್ಟು ಸ್ವೀಕೃತಿ ಪಡೆದೆ. ಒಂದು ಗಂಟೆ ಹೋಯಿತು, ಹೋಗಲಿ.

ಈಗ ನಿಜವಾದ ಪ್ರಶ್ನೆ. ಯಾರ ಬಾಗಿಲು ತಟ್ಟಬೇಕು?

"ತಪ್ಪು ಅವನದ್ದು, ಅವನ ಇನ್ಶೂರೆನ್ಸ್ ಕೊಡಲಿ" ಅನ್ನುವುದು ನ್ಯಾಯವೇ. ಆದರೆ ನಮ್ಮ ದೇಶದಲ್ಲಿ ಅದು ಫೋನ್ ಮಾಡಿದರೆ ಆಗುವ ಕೆಲಸವಲ್ಲ. ಎದುರಿನವರ ಕಂಪನಿಗೆ ನೀವು ಗ್ರಾಹಕರೇ ಅಲ್ಲ. ಅವರಿಂದ ದುಡ್ಡು ಬರಬೇಕಾದರೆ ಮೋಟಾರು ಅಪಘಾತ ಕ್ಲೇಮು ನ್ಯಾಯಮಂಡಳಿಗೆ, ಅಂದರೆ ಜನ ಎಂಎಸಿಟಿ ಅನ್ನುತ್ತಾರಲ್ಲ ಅಲ್ಲಿಗೆ, ಅರ್ಜಿ ಹಾಕಬೇಕು. ನಿಮ್ಮ ಪಾಲಿಸಿಯಲ್ಲಿ ಓನ್ ಡ್ಯಾಮೇಜ್ ಭಾಗ, ಅಂದರೆ ನಿಮ್ಮದೇ ಕಾರಿನ ಹಾನಿಗೆ ರಕ್ಷಣೆ, ಇದ್ದರೆ ಮೊದಲು ಅದರಲ್ಲೇ ಕ್ಲೇಮ್ ಮಾಡಿ. ತಪ್ಪು ಯಾರದ್ದು ಅಂತ ಅವರು ತೂಗುತ್ತಾ ಕೂರುವುದಿಲ್ಲ. ಬರೀ ಥರ್ಡ್ ಪಾರ್ಟಿ ಪಾಲಿಸಿ, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಮಾತ್ರ ಇರುವಂಥದ್ದು, ಇದ್ದರೆ ನಿಮ್ಮ ಕಾರಿಗೆ ನಿಮ್ಮ ಕಂಪನಿ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಹಳೇ ಕಾರಿಗೆ ಅಷ್ಟೇ ಸಾಕು ಅಂತ ಸುಮಾರು ಜನ ಅದನ್ನೇ ಮಾಡಿಸಿರುತ್ತಾರೆ. ಅಂಥವರ ದಾರಿ ಬೇರೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

"ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತಲ್ಲಾ" ಅಂತ ಮನೆಯವರು ಕೇಳಿದರು. ಹೋಗುತ್ತದೆ, ತಪ್ಪು ಬೇರೆಯವರದ್ದಾದರೂ ಹೋಗುತ್ತದೆ. ಆದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ಆ ರಿಯಾಯಿತಿ ಓನ್ ಡ್ಯಾಮೇಜ್ ಪ್ರೀಮಿಯಂ ಮೇಲೆ ಮಾತ್ರ, ಥರ್ಡ್ ಪಾರ್ಟಿ ಪ್ರೀಮಿಯಂ ಮೇಲೆ ಇಲ್ಲ. ಹಳೇ ಕಾರಿನಲ್ಲಿ ಓನ್ ಡ್ಯಾಮೇಜ್ ಪ್ರೀಮಿಯಂ ಎಷ್ಟಿರುತ್ತದೆ? ನನ್ನದರಲ್ಲಿ ಬೋನಸ್ ಕಳೆಯುವ ಮುಂಚೆ ಹತ್ತಿರ ಹತ್ತಿರ 3,000. ಬೋನಸ್ 50 ಪರ್ಸೆಂಟ್ ಇತ್ತು. ಕ್ಲೇಮ್ ಆದ ಮೇಲೆ ಸೊನ್ನೆ, ಆಮೇಲೆ ವರ್ಷಕ್ಕೊಂದು ಮೆಟ್ಟಿಲು 20, 25, 35, 45, ಕೊನೆಗೆ ಮತ್ತೆ 50. ಐದು ವರ್ಷಕ್ಕೆ ಕಳೆದುಕೊಳ್ಳುವುದು 1,500, 900, 750, 450, 150. ಒಟ್ಟು 3,750. ಡ್ಯಾಮೇಜ್ ಐದಾರು ಸಾವಿರದ್ದಾದರೆ ಕ್ಲೇಮ್ ಮಾಡಬೇಡಿ, ಗುದ್ದಿದವರ ಹತ್ತಿರವೇ ವಸೂಲಿ ಮಾಡಿ. ಮೂವತ್ತು ಸಾವಿರದ್ದಾದರೆ ಬೋನಸ್ ಮುಖ ನೋಡಬೇಡಿ.

ಕಂಪನಿಗೆ ತಡ ಮಾಡದೆ ತಿಳಿಸಿ. ಆ್ಯಪಲ್ಲಿ ಹಾಕಿದರೂ ಒಂದು ಇಮೇಲ್ ಕೂಡ ಕಳಿಸಿ, ಏಕೆಂದರೆ ಮುಂದೆ ಜಗಳ ಬಂದರೆ ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇರುವುದಿಲ್ಲ. ಸರ್ವೇಯರ್ ನೋಡುವ ತನಕ ಗಾಡಿ ಬಿಚ್ಚಿಸಬೇಡಿ. ಕ್ಲೇಮ್ ಫಾರಂನಲ್ಲಿ "ಚಾಲಕರ ಹೆಸರು" ಅಂತ ಒಂದು ಕಾಲಂ ಇರುತ್ತದೆ. ಗಾಡಿ ನಿಂತಿತ್ತು ಅಂದರೆ ನಿಂತಿತ್ತು ಅಂತಲೇ ಬರೆಯಿರಿ. ಏಜೆಂಟರು "ಸುಮ್ನೆ ನಿಮ್ಮ ಹೆಸರು ಹಾಕಿ ಸಾರ್, ಬೇಗ ಆಗುತ್ತೆ" ಅನ್ನುತ್ತಾರೆ. ಸುಳ್ಳು ಒಂದು ಸಿಕ್ಕಿದರೆ ಇಡೀ ಕ್ಲೇಮೇ ಹೋಗುತ್ತದೆ.

ಹಳೇ ಕಾರಿನವರು ಮುಗ್ಗರಿಸುವ ಜಾಗ ಮೂರಿವೆ. 15 ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣ ಆಗಿರಬೇಕು, ಆಗಿಲ್ಲದಿದ್ದರೆ ಕಂಪನಿಯವರ ಕೈಗೆ ನೀವೇ ಕೋಲು ಕೊಟ್ಟ ಹಾಗೆ. ಎಲ್‌ಪಿಜಿ ಅಥವಾ ಸಿಎನ್‌ಜಿ ಕಿಟ್ ಹಾಕಿಸಿದ್ದರೆ ಅದು ಆರ್‌ಸಿಯಲ್ಲೂ ಪಾಲಿಸಿಯಲ್ಲೂ ಇರಬೇಕು. ಇನ್ನು ಸೆಕೆಂಡ್ ಹ್ಯಾಂಡ್ ಕೊಂಡವರಿಗೆ: ಆರ್‌ಸಿ ನಿಮ್ಮ ಹೆಸರಿಗೆ ಬಂದು ಪಾಲಿಸಿ ಹಳೇ ಓನರ್ ಹೆಸರಲ್ಲೇ ಉಳಿದಿದ್ದರೆ ಥರ್ಡ್ ಪಾರ್ಟಿ ಭಾಗ ನಡೆಯುತ್ತದೆ, ಓನ್ ಡ್ಯಾಮೇಜ್ ನಡೆಯುವುದಿಲ್ಲ. ವರ್ಗಾವಣೆಗೆ 14 ದಿನದೊಳಗೆ ಅರ್ಜಿ ಕೊಡಬೇಕು ಅನ್ನುವುದು ನಿಯಮ. ಹೊಗೆ ತಪಾಸಣೆ ಸರ್ಟಿಫಿಕೇಟ್ ಇಲ್ಲ ಅಂತ ಕ್ಲೇಮ್ ತಳ್ಳಿದರೆ ಮಾತ್ರ ಒಪ್ಪಬೇಡಿ. ಅಷ್ಟೇ ಕಾರಣಕ್ಕೆ ಕ್ಲೇಮ್ ನಿರಾಕರಿಸುವಂತಿಲ್ಲ ಅಂತ ಇನ್ಶೂರೆನ್ಸ್ ಕಂಪನಿಗಳ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2020ರಲ್ಲೇ ಸ್ಪಷ್ಟಪಡಿಸಿದೆ.

ಮೊದಲು ಗಾಡಿಯನ್ನು ದೊಡ್ಡ ವರ್ಕ್‌ಶಾಪ್ ಒಂದಕ್ಕೆ ಒಯ್ದೆ. ಬಾಗಿಲು ಹೊಸದು, ಹಿಂದಿನ ಕ್ವಾರ್ಟರ್ ಪ್ಯಾನೆಲ್ (ಹಿಂದಿನ ಚಕ್ರದ ಮೇಲಿನ ತಗಡು) ಹೊಸದು, ಇಡೀ ಎಡಭಾಗಕ್ಕೆ ಬಣ್ಣ, ಎಲ್ಲ ಸೇರಿ 68,000ದ ಎಸ್ಟಿಮೇಟ್ ಕೊಟ್ಟರು. ಇಲ್ಲಿ ಒಂದು ಗುಂಡಿ ಇದೆ. ರಿಪೇರಿ ಖರ್ಚು ಐಡಿವಿಯ 75 ಪರ್ಸೆಂಟ್ ದಾಟಿದರೆ ಪಾಲಿಸಿಯ ಪ್ರಕಾರ ಅದು ಟೋಟಲ್ ಲಾಸ್, ಅಂದರೆ ಕಾರು ಪೂರ್ತಿ ಹೋಯಿತು ಅಂತ ಲೆಕ್ಕ. ಐಡಿವಿ ಅಂದರೆ ಪಾಲಿಸಿಯಲ್ಲಿ ನಿಮ್ಮ ಕಾರಿಗೆ ಕಟ್ಟಿದ ಬೆಲೆ. ನನ್ನದು 85,000. ಅದರ 75 ಪರ್ಸೆಂಟ್ 63,750. ಅಂದರೆ ಬರೀ ಒಂದು ಬಾಗಿಲು ಒಳಗೆ ಹೋಗಿದ್ದಕ್ಕೆ ಓಡುವ ಕಾರನ್ನು ಗುಜರಿಗೆ ಕಳಿಸುವ ಎಸ್ಟಿಮೇಟ್ ಅದು! ನಾನು ಗಾಡಿ ವಾಪಸ್ ತಂದು ನಮ್ಮ ಹಳೇ ಗ್ಯಾರೇಜಿಗೆ ಹಾಕಿದೆ. ಜಿಎಸ್‌ಟಿ ಬಿಲ್ ಕೊಡುವ ಗ್ಯಾರೇಜ್ ಆದರೆ ಸಾಕು. ಕ್ಯಾಶ್‌ಲೆಸ್ ಆಗಲಿಲ್ಲ, ಮೊದಲು ಕೈಯಿಂದ ಕಟ್ಟಿ ಆಮೇಲೆ ಪಡೆಯಬೇಕಾಯಿತು. ನಮ್ಮ ಮೇಸ್ತ್ರಿ ಕ್ವಾರ್ಟರ್ ಪ್ಯಾನೆಲ್ ಮೇಲೆ ಅಂಗೈ ಆಡಿಸಿ, ಒಳಗಿಂದ ಎರಡು ಸಲ ಬಡಿದು ನೋಡಿ, "ಇದನ್ನ ಯಾಕ್ ಬದಲಾಯಿಸ್ತೀರಾ, ಎಳೆದ್ರೆ ಬರುತ್ತೆ" ಅಂದ.

ಅವನಿಗೆ ಗೊತ್ತಿತ್ತೋ ಇಲ್ಲವೋ, ಹಳೇ ಕಾರಿನ ಕ್ಲೇಮಿನಲ್ಲಿ ಅದಕ್ಕಿಂತ ದೊಡ್ಡ ಗುಟ್ಟಿಲ್ಲ. ಸವಕಳಿ, ಅಂದರೆ ಡಿಪ್ರಿಸಿಯೇಶನ್, ಕಡಿಯುವುದು ಹೊಸ ಸಾಮಾನಿನ ಮೇಲೆ. ಕೂಲಿಯ ಮೇಲೆ ಕಡಿಯುವಂತಿಲ್ಲ. ಹತ್ತು ವರ್ಷ ದಾಟಿದ ಕಾರಿನ ತಗಡಿನ ಸಾಮಾನಿಗೆ 50 ಪರ್ಸೆಂಟ್ ಸವಕಳಿ, 5ರಿಂದ 10 ವರ್ಷದ್ದಕ್ಕೆ 40. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗೆ ಕಾರಿನ ವಯಸ್ಸು ಎಷ್ಟೇ ಇರಲಿ 50. ಫೈಬರ್‌ಗ್ಲಾಸಿಗೆ 30. ಗಾಜಿಗೆ ಏನೂ ಇಲ್ಲ, ಪೂರ್ತಿ ಬರುತ್ತದೆ. ಹಾಗಾಗಿ ಬದಲಾಯಿಸುವ ಬದಲು ಬಡಿದು ಸರಿ ಮಾಡಬಹುದಾದದ್ದನ್ನೆಲ್ಲ ಬಡಿಸಿ. ಡೆಂಟಿಂಗ್ ಕೂಲಿ ಪೂರ್ತಿ ಸಿಗುತ್ತದೆ, ಹೊಸ ಪ್ಯಾನೆಲ್ ಹಾಕಿಸಿದರೆ ಅರ್ಧ ನಿಮ್ಮ ಜೇಬಿನಿಂದ. ಹೊಸ ಬಾಗಿಲು ಸಿಗುತ್ತಿಲ್ಲ ಅಂದರೆ ಬೆಂಗಳೂರಿನವರಿಗೆ ಜೆ.ಸಿ. ರೋಡ್, ಶಿವಾಜಿನಗರ ಇದ್ದೇ ಇವೆ. ಆದರೆ ಸೆಕೆಂಡ್ ಹ್ಯಾಂಡ್ ಸಾಮಾನು ಹಾಕಿಸುವ ಮುಂಚೆ ಸರ್ವೇಯರ್ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ, ಬಿಲ್ ಇಲ್ಲದ ಸಾಮಾನಿಗೆ ದುಡ್ಡು ಬರುವುದಿಲ್ಲ.

ಸರ್ವೇಯರ್ ಬರುವ ದಿನ ನೀವು ಗ್ಯಾರೇಜಿನಲ್ಲಿ ಇರಿ. ನಮ್ಮ ಕಾರು ನೋಡಲು ಬಂದವರು ಮೊದಲು ಮಾಡಿದ ಕೆಲಸ ಬಾಗಿಲಿನ ಕೆಳಗಿನ ತುಕ್ಕಿನ ಮೇಲೆ ಉಗುರಿನಿಂದ ಕೆರೆದದ್ದು. ಕೆಂಪು ಪುಡಿ ಉದುರಿತು. ನನ್ನ ಮುಖ ನೋಡಿದರು. "ಅದು ಹಳೇದೇ ಸಾರ್, ಅದಕ್ಕೆ ದುಡ್ಡು ಕೇಳುತ್ತಿಲ್ಲ. ಈ ಮಡಿಕೆ ನೋಡಿ, ಇಲ್ಲಿ ಲೋಹ ಇನ್ನೂ ಹೊಳೀತಿದೆ, ಇದು ಗುದ್ದಿದ್ದು" ಅಂದೆ. ಹಳೇ ಗಾಯ ಹಳೇದು ಅಂತ ನೀವೇ ಒಪ್ಪಿಬಿಟ್ಟರೆ ಹೊಸ ಗಾಯದ ಬಗ್ಗೆ ಹೇಳುವ ಮಾತಿಗೆ ಬೆಲೆ ಬರುತ್ತದೆ. ಪಾಲಿಸಿ ನವೀಕರಿಸುವ ದಿನ ಕಾರಿನ ಸುತ್ತ ಒಂದು ವಿಡಿಯೋ ಮಾಡಿ ಇಟ್ಟಿದ್ದರೆ ಇನ್ನೂ ಒಳ್ಳೆಯದು. ನಾನು ಮಾಡಿರಲಿಲ್ಲ, ಈಗ ಮಾಡುತ್ತೇನೆ.

ಈಗ ದುಡ್ಡಿನ ಲೆಕ್ಕ. ಸುಲಭಕ್ಕೆ ಜಿಎಸ್‌ಟಿ ಬಿಟ್ಟು ಹೇಳುತ್ತೇನೆ. ಬಾಗಿಲು ಮಡಚಿಹೋಗಿದ್ದರಿಂದ ಹೊಸದೇ ಬೇಕಾಯಿತು, 9,000. ಬಂಪರ್ 3,000, ಹಿಂದಿನ ಲೈಟು 1,600, ಗಾಜು 1,800, ಡೆಂಟಿಂಗ್ ಮತ್ತು ಜೋಡಣೆ ಕೂಲಿ 7,000, ಬಣ್ಣ 12,000. ಒಟ್ಟು 34,400. ಸವಕಳಿ ಕಳೆದರೆ ಬಾಗಿಲಿಗೆ 4,500, ಬಂಪರಿಗೆ 1,500, ಲೈಟಿಗೆ 800. ಗಾಜು ಮತ್ತು ಕೂಲಿ ಪೂರ್ತಿ.

ಕಡಿದಿದ್ದು ಬಣ್ಣದಲ್ಲಿ. ಕಂಪನಿ ಕಳಿಸಿದ ಹಾಳೆಯಲ್ಲಿ ಬಣ್ಣದ 12,000ದಲ್ಲಿ ಅರ್ಧಕ್ಕರ್ಧ ಹೊಡೆದಿದ್ದರು. ಪಾಲಿಸಿಯ ಸಣ್ಣ ಅಕ್ಷರ ಓದಿದೆ, ಕನ್ನಡಕ ಹಾಕಿಕೊಂಡು. ಸವಕಳಿ ಇರುವುದು ಬಣ್ಣದ ಸಾಮಗ್ರಿಗೆ ಮಾತ್ರ. ಬಿಲ್ಲಿನಲ್ಲಿ ಸಾಮಗ್ರಿ, ಕೂಲಿ ಬಿಡಿಸಿ ಬರೆಯದೆ ಒಟ್ಟಿಗೆ ಹಾಕಿದ್ದರೆ ಸಾಮಗ್ರಿ 25 ಪರ್ಸೆಂಟ್ ಅಂತ ಹಿಡಿಯಬೇಕು, ಅದರ ಅರ್ಧ ಕಳೆಯಬೇಕು. ಅಂದರೆ 12,000ದಲ್ಲಿ ಸಾಮಗ್ರಿ 3,000, ಕಳೆಯಬೇಕಾದ್ದು 1,500. ಅವರು ಕಳೆದದ್ದು 6,000. "ಹಳೇ ಗಾಡಿ ಅಲ್ವಾ ಸಾರ್, ಸಿಸ್ಟಂ ಹಾಗೇ ತಗೊಳ್ಳುತ್ತೆ" ಅಂದರು ಫೋನಿನಲ್ಲಿ. ನಾನು ಫೋನಿಟ್ಟು ನಾಲ್ಕು ಸಾಲಿನ ಇಮೇಲ್ ಬರೆದೆ: ಇಂಥ ಪುಟ, ಇಂಥ ಷರತ್ತು, ಇಷ್ಟು ಕಳೆಯಬೇಕಿತ್ತು, ಇಷ್ಟು ಕಳೆದಿದ್ದೀರಿ, ತಿದ್ದಿ ಅಥವಾ ಯಾವ ಷರತ್ತಿನ ಮೇಲೆ ಕಳೆದಿರಿ ಅಂತ ಬರಹದಲ್ಲಿ ಕೊಡಿ. ಸಿಟ್ಟು, ಶಾಪ ಏನೂ ಇಲ್ಲ. ಐದನೇ ದಿನ 4,500 ಸೇರಿಸಿದ ಹೊಸ ಹಾಳೆ ಬಂತು. ಪ್ರತಿ ಕ್ಲೇಮಿನಲ್ಲೂ ನಾವೇ ಹೊರಬೇಕಾದ ಕಡ್ಡಾಯ ಕಡಿತ 1,000 (1500 ಸಿಸಿ ತನಕದ ಕಾರಿಗೆ ಅಷ್ಟು, ಅದಕ್ಕಿಂತ ದೊಡ್ಡದಕ್ಕೆ 2,000), ಹಳೇ ಸಾಮಾನಿನ ಗುಜರಿ ಬೆಲೆ 500 ಕಳೆದು ಕೈಗೆ ಬಂದದ್ದು 24,600.

ಲೆಕ್ಕದ ಹಾಳೆ ಮತ್ತು ಸರ್ವೇ ವರದಿಯ ಕಾಪಿ ಕೇಳಿ ಪಡೆಯಿರಿ. ಕಾಪಿ ನೋಡದೆ "ಪೂರ್ಣ ಮತ್ತು ಅಂತಿಮ" ಅಂತ ಬರೆದಿರುವ ವೋಚರಿಗೆ ಸಹಿ ಹಾಕಬೇಡಿ. ದಿನಗಳ ಲೆಕ್ಕವೂ ಇದೆ. 2024ರ ಐಆರ್‌ಡಿಎಐ ಸುತ್ತೋಲೆಯ ಪ್ರಕಾರ ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ ಆಗಬೇಕು, 15 ದಿನದಲ್ಲಿ ವರದಿ ಬರಬೇಕು, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ನಿಮ್ಮ ಇಮೇಲಿನಲ್ಲಿ ಈ ಮೂರು ಅಂಕಿ ಹಾಕಿ ನೋಡಿ, ಉತ್ತರದ ಧಾಟಿಯೇ ಬೇರೆ ಇರುತ್ತದೆ.

ನಿಜವಾಗಿಯೂ ಟೋಟಲ್ ಲಾಸ್ ಆದವರಿಗೆ ಎರಡು ಮಾತು. ಸಿಗುವುದು ಐಡಿವಿಯ ಲೆಕ್ಕದಲ್ಲಿ, ಮಾರ್ಕೆಟ್ಟಿನಲ್ಲಿ ಅಂಥ ಕಾರು ಎಷ್ಟಕ್ಕೆ ಹೋಗುತ್ತದೆ ಅನ್ನುವುದು ಆಮೇಲೆ ವಾದಿಸಿದರೆ ಪ್ರಯೋಜನ ಕಡಿಮೆ. ಐದು ವರ್ಷ ದಾಟಿದ ಕಾರಿಗೆ ಐಡಿವಿ ನಿಗದಿಯಾಗುವುದು ನೀವು ಮತ್ತು ಕಂಪನಿ ಒಪ್ಪಿದ ಬೆಲೆಗೆ, ಆದ್ದರಿಂದ ವಾದಿಸಬೇಕಾದ ದಿನ ನವೀಕರಣದ ದಿನ. ಐದುನೂರು ರೂಪಾಯಿ ಪ್ರೀಮಿಯಂ ಉಳಿಸಲು ಐಡಿವಿ ಇಳಿಸಿದವರು ಇಲ್ಲಿ ಅಳುತ್ತಾರೆ. ಇನ್ನೊಂದು, ಕಾರನ್ನು ನೀವೇ ಇಟ್ಟುಕೊಳ್ಳುತ್ತೇನೆ ಅಂದರೆ ಅದರ ಗುಜರಿ ಬೆಲೆ ಕಳೆದು ಕೊಡುತ್ತಾರೆ. ಅವರು ಹೇಳಿದ ಗುಜರಿ ಬೆಲೆಗೆ ತಲೆಯಾಡಿಸುವ ಮುಂಚೆ ನೀವೇ ಇಬ್ಬರು ಗುಜರಿಯವರ ಹತ್ತಿರ ಕೇಳಿ.

ಕಂಪನಿ ಬಗ್ಗದಿದ್ದರೆ ಮೊದಲು ಅವರದೇ ದೂರು ವಿಭಾಗಕ್ಕೆ ಬರೆಯಿರಿ. ಜತೆಗೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ಲಿನಲ್ಲಿ ಹಾಕಿ, ಅಥವಾ 155255ಕ್ಕೆ ಫೋನ್ ಮಾಡಿ. ಒಂದು ತಿಂಗಳಾದರೂ ಉತ್ತರ ಇಲ್ಲ ಅಥವಾ ಉತ್ತರ ಒಪ್ಪುವಂತಿಲ್ಲ ಅಂದರೆ ಇಂಥ ತಕರಾರು ತೀರ್ಮಾನಿಸಲು ಇರುವ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಹತ್ತಿರ ಹೋಗಿ. ಕರ್ನಾಟಕಕ್ಕೆ ಬೆಂಗಳೂರಿನ ಜೆ.ಪಿ. ನಗರದಲ್ಲಿ ಕಚೇರಿ ಇದೆ. ಫೀಸ್ ಇಲ್ಲ, ವಕೀಲರು ಬೇಡ, ನಿರಾಕರಣೆಯ ಪತ್ರ ಬಂದ ಒಂದು ವರ್ಷದೊಳಗೆ ಹೋಗಬೇಕು. ಆದರೆ ಇದು ನಿಮ್ಮದೇ ಕಂಪನಿಯ ಮೇಲಿನ ದೂರಿಗೆ ಮಾತ್ರ. ಗುದ್ದಿದವರ ಕಂಪನಿಯ ಮೇಲೆ ಇಲ್ಲಿ ನಡೆಯುವುದಿಲ್ಲ.

ಬರೀ ಥರ್ಡ್ ಪಾರ್ಟಿ ಪಾಲಿಸಿ ಇರುವವರ ದಾರಿ ಹೀಗೆ. ಮೊದಲು ಎಫ್ಐಆರ್ ಆಗಲೇಬೇಕು, ಸ್ಥಳ ಮಹಜರು, ಮೋಟಾರು ವಾಹನ ನಿರೀಕ್ಷಕರ ವರದಿ ಕೈಗೆ ಬರಬೇಕು. ಎದುರಿನ ಗಾಡಿಯ ಓನರಿಗೂ ಅವರ ಇನ್ಶೂರೆನ್ಸ್ ಕಂಪನಿಗೂ ಫೋಟೋ, ಎಸ್ಟಿಮೇಟ್ ಸಹಿತ ರಿಜಿಸ್ಟರ್ಡ್ ಪೋಸ್ಟ್ ಹಾಕಿ. ರಿಪೇರಿಗೆ ಮುಂಚೆ ಲೈಸೆನ್ಸ್ ಇರುವ ಸರ್ವೇಯರ್ ಒಬ್ಬರಿಗೆ ನೀವೇ ಫೀಸ್ ಕೊಟ್ಟು ಡ್ಯಾಮೇಜ್ ವರದಿ ಬರೆಸಿಕೊಳ್ಳಿ, ಬಿಲ್ಲುಗಳ ಅಸಲು ಪ್ರತಿ ಇಟ್ಟುಕೊಳ್ಳಿ. ಆಮೇಲೆ ಎಂಎಸಿಟಿ ಅರ್ಜಿ. ಅಪಘಾತ ಆದ ಜಾಗದಲ್ಲೇ ಹಾಕಬೇಕು ಅಂತಿಲ್ಲ, ನೀವು ವಾಸ ಮಾಡುವ ಊರಿನಲ್ಲೂ ಹಾಕಬಹುದು. ಬೆಂಗಳೂರಿನಲ್ಲಿ ಈ ಕೇಸುಗಳು ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ ನಡೆಯುತ್ತವೆ. ಕಾಯ್ದೆಯಲ್ಲಿ ಕೊಟ್ಟಿರುವ ಅವಧಿ ಆರು ತಿಂಗಳು, 2022ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, ಹಾಗಾಗಿ ರಾಜಿ ಮಾತು ಅಂತ ಓನರ್ ಎಳೆದಾಡಿಸಿದರೆ ಕ್ಯಾಲೆಂಡರ್ ಮೇಲೆ ಕಣ್ಣಿರಲಿ. ಕಾರು, ಗೂಡ್ಸ್ ಗಾಡಿಗಳ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಆಸ್ತಿ ಹಾನಿಗೆ ಸಾಮಾನ್ಯವಾಗಿ 7.5 ಲಕ್ಷದ ತನಕ ರಕ್ಷಣೆ ಇರುತ್ತದೆ, ಬೈಕಿನದ್ದಾದರೆ 1 ಲಕ್ಷ. ಕೆಲವರು ಪ್ರೀಮಿಯಂ ಉಳಿಸಲು ಅದನ್ನು 6,000ಕ್ಕೆ ಇಳಿಸಿಕೊಂಡಿರುತ್ತಾರೆ, ಅಂಥ ಕಡೆ ಮಿಕ್ಕಿದ್ದು ಓನರ್ ಜೇಬಿನಿಂದಲೇ ಬರಬೇಕು. ನನ್ನನ್ನು ಕೇಳಿದರೆ ಇಪ್ಪತ್ತು ಮೂವತ್ತು ಸಾವಿರಕ್ಕೆ ಕೋರ್ಟು ಅಲೆಯಬೇಡಿ, ಅರ್ಜಿ ಹಾಕುವ ನೋಟಿಸ್ ಕೊಟ್ಟು ಓನರ್ ಜತೆ ಕೂತು ಮಾತಾಡಿ. ಲಕ್ಷದ ಮೇಲಿದ್ದರೆ ಹಾಕಿ, ಲೋಕ ಅದಾಲತ್‌ನಲ್ಲಿ ರಾಜಿಗೆ ಕೇಳಿ.

ನನ್ನ ಕೇಸಿನಲ್ಲಿ 34,400ರಲ್ಲಿ 24,600 ಬಂದ ಮೇಲೆ 9,800 ಬಾಕಿ ಉಳಿಯಿತು. ಇನ್ಶೂರೆನ್ಸ್ ಕೊಡದ ಈ ಭಾಗವನ್ನು ಗುದ್ದಿದವರ ಹತ್ತಿರ ಕೇಳುವುದರಲ್ಲಿ ತಪ್ಪೇನಿಲ್ಲ, ಕಂಪನಿ ಕೊಟ್ಟದ್ದನ್ನೇ ಎರಡನೇ ಸಲ ಕೇಳುವಂತಿಲ್ಲ ಅಷ್ಟೆ. ಗೂಡ್ಸ್ ಗಾಡಿಯ ಓನರಿಗೆ ಗ್ಯಾರೇಜ್ ಬಿಲ್, ಕಂಪನಿಯ ಲೆಕ್ಕದ ಹಾಳೆ, ಠಾಣೆಯ ಸ್ವೀಕೃತಿ ಮೂರನ್ನೂ ವಾಟ್ಸ್‌ಆ್ಯಪ್ ಮಾಡಿದೆ. ಎರಡು ದಿನ ನೀಲಿ ಟಿಕ್ ಮಾತ್ರ. ಮೂರನೇ ದಿನ ಅವರೇ ಫೋನ್ ಮಾಡಿ ಎರಡು ಕಂತು ಕೇಳಿದರು, ಕೊಟ್ಟೆ. ಎರಡನೇ ಕಂತು ಬಂದ ದಿನ "ಇನ್ಶೂರೆನ್ಸ್ ಕಂಪನಿಯಿಂದ ಬಾರದ 9,800 ರೂಪಾಯಿ ತಲುಪಿದೆ" ಅಂತ ಅಷ್ಟನ್ನೇ ಬರೆದು ಸಹಿ ಹಾಕಿ ಕಳಿಸಿದೆ. ಅದೇ ಗಾಡಿ ಈಗಲೂ ವಾರಕ್ಕೆರಡು ಸಲ ನಮ್ಮ ಬೀದಿಗೆ ಕ್ಯಾನ್ ತರುತ್ತದೆ, ರಿವರ್ಸ್ ತೆಗೆಯುವಾಗ ಮಾತ್ರ ಹುಡುಗನೊಬ್ಬ ಇಳಿದು ಹಿಂದೆ ನಿಲ್ಲುತ್ತಾನೆ.